ನುಂಗುವಾಗ ದೇಹದಲ್ಲಿ ಏನಾಗುತ್ತದೆ, ಅಳೆಯುವುದು ಹೇಗೆ?

ನುಂಗುವಿಕೆಗೆ ಮೂರು ಹಂತ: ಬಾಯಿ, ಗಂಟಲು, ಅನ್ನನಾಳ. ಮೊದಲನೆಯದು ಐಚ್ಛಿಕ, ಉಳಿದೆರಡು ಅನೈಚ್ಛಿಕ. ನಿಯಂತ್ರಣ ಕೇಂದ್ರ ಮಿದುಳಿನ ಮೆಡುಲ್ಲಾ ಅಬ್ಲಾಂಗೇಟಾದಲ್ಲಿದೆ.

ಗಮನವಿಟ್ಟು ಓದಬೇಕಾದದ್ದು ಗಂಟಲಿನ ಹಂತ. ಅದು ಮುಗಿಯಲು ಸುಮಾರು 1 ಸೆಕೆಂಡ್ ಸಾಕು. ಅಷ್ಟರಲ್ಲೇ ಧ್ವನಿಪೆಟ್ಟಿಗೆ ಮೇಲೇರುತ್ತದೆ, ಎಪಿಗ್ಲಾಟಿಸ್ ಬಾಗಿ ಶ್ವಾಸಮಾರ್ಗದ ಬಾಯನ್ನು ಮುಚ್ಚುತ್ತದೆ, ಉಸಿರು ಕ್ಷಣಕಾಲ ನಿಲ್ಲುತ್ತದೆ. ಆರೋಗ್ಯವಂತ ವಯಸ್ಕರಲ್ಲಿ ಉಸಿರಾಟ ಮತ್ತೆ ಶುರುವಾಗುವುದು ಹೆಚ್ಚಾಗಿ ಉಸಿರು ಬಿಡುವುದರಿಂದ. ಗಂಟಲಲ್ಲಿ ಉಳಿದ ತುಣುಕು ಶ್ವಾಸಕೋಶಕ್ಕೆ ಇಳಿಯದಂತೆ ಕಾಯುವ ಈ ಏರ್ಪಾಡು ನಿಜಕ್ಕೂ ಅದ್ಭುತ. ನುಂಗುವಾಗ ಹೃದಯ ಬಡಿತವೂ ಕೊಂಚ ಹೊತ್ತು ಏರುತ್ತದೆ.

ನುಂಗುವಿಕೆಯನ್ನು ಅಳೆಯಲು ಹಲವು ವಿಧಾನಗಳಿವೆ. ಬೇರಿಯಂ ಬೆರೆಸಿದ ಆಹಾರ ನುಂಗಿಸಿ ಎಕ್ಸ್-ರೇ ವಿಡಿಯೊ ತೆಗೆಯುವುದು ವಿಡಿಯೊಫ್ಲೋರೋಸ್ಕೋಪಿ. ಮೂಗಿನ ಮೂಲಕ ಎಂಡೋಸ್ಕೋಪ್ ಇಳಿಸಿ ನೋಡುವ ವಿಧಾನದಲ್ಲಿ ವಿಕಿರಣವಿಲ್ಲ, ಆದರೆ ನುಂಗುವ ಕ್ಷಣದಲ್ಲೇ ದೃಶ್ಯ ಮರೆಯಾಗುತ್ತದೆ. ಒತ್ತಡ ಅಳೆಯಲು ಮ್ಯಾನೊಮೆಟ್ರಿ. ಗದ್ದದ ಕೆಳಗಿನ ಸ್ನಾಯುಗಳ ವಿದ್ಯುತ್ ಚಟುವಟಿಕೆ ದಾಖಲಿಸಲು ಇಎಂಜಿ (ಎಲೆಕ್ಟ್ರೋಮಯೋಗ್ರಫಿ). ಇದಕ್ಕೆ ಚರ್ಮದ ಮೇಲೆ ಎಲೆಕ್ಟ್ರೋಡ್ ಅಂಟಿಸಿದರೆ ಸಾಕು.

ಪಾರ್ಶ್ವವಾಯು, ಪಾರ್ಕಿನ್ಸನ್ ರೋಗಿಗಳಲ್ಲಿ ಕಾಣುವ ನುಂಗುವ ತೊಂದರೆಗೆ, ಅಂದರೆ ಡಿಸ್ಫೇಜಿಯಾಕ್ಕೆ, ಆರೋಗ್ಯವಂತರ ಅಳತೆಯೇ ಹೋಲಿಕೆಯ ಆಧಾರ. ಈ ಅಳತೆಯೂ ಎಲ್ಲರಿಗೂ ಒಂದೇ ಅಲ್ಲ: ವಯಸ್ಸು, ಗುಟುಕಿನ ಗಾತ್ರ, ದ್ರವದ ಸ್ನಿಗ್ಧತೆಗೆ ತಕ್ಕಂತೆ ಬದಲಾಗುತ್ತದೆ.