ಮಡಿಚುವ ಸೈಕಲ್ಲು ಮತ್ತು ಏರುದಾರಿ



ದೀಪಾವಳಿಯ ರಜೆ ಮುಗಿದು ಶಾಲೆ ತೆರೆದ ವಾರದಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಬೆಂಗಳೂರಿನಿಂದ ಸನಮಡಿಗೆ ಬಂದಿದ್ದರು. ಎಸ್.ಟಿ. ಬಸ್ಸಿನಿಂದ ಇಳಿದಾಗ ಅವರ ಕೈಯಲ್ಲಿ ದಪ್ಪನೆಯ ಚೀಲವೊಂದಿತ್ತು. ಶಾಲೆಯ ಅಂಗಳದಲ್ಲಿ ಅದನ್ನು ಬಿಚ್ಚಿದರು. ನಡುವಿನ ಕೀಲನ್ನು ಬಿಡಿಸಿ ಜೋಡಿಸಿದರು, ಹ್ಯಾಂಡಲ್ಲನ್ನು ಮೇಲೆತ್ತಿದರು, ಸೀಟಿನ ಕಂಬವನ್ನು ಎಳೆದು ಬಿಗಿದರು. ನೋಡುತ್ತಿರುವಂತೆಯೇ ಸೈಕಲ್ಲೊಂದು ನಮ್ಮೆದುರು ನಿಂತಿತು. ಅದರ ಚಕ್ರಗಳು 20 ಇಂಚಿನವು. ಮಕ್ಕಳು ನಕ್ಕರು. ಅವರಲ್ಲೊಬ್ಬನು, “ಗುರುಗಳ, ಇದು ಸಣ್ಣ ಹುಡುಗರ ಸಾಯಕಲ್ಲ ಐತ್ರಿ. ಇದು ಏರ ಹೆಂಗ ಹತ್ತತೈತ್ರಿ?” ಎಂದು ಕೇಳಿದನು.

ಪ್ರಶ್ನೆ ಒಳ್ಳೆಯದೇ. ಆದರೆ ನಗುವು ಉತ್ತರವಲ್ಲ. ಉತ್ತರಕ್ಕೆ ದಾರ, ಅಳತೆಪಟ್ಟಿ ಮತ್ತು ಭಾಗಾಕಾರ ಬೇಕು. ಅಂದು ಅಂಗಳದಲ್ಲಿ ನಡೆದ ಪಾಠವನ್ನೂ, ಆ ಪಾಠದಿಂದ ನಮಗೆ ನೆನಪಾದ ಹಳೆಯ ತಪ್ಪೊಂದನ್ನೂ ಈ ಲೇಖನದಲ್ಲಿ ಬರೆಯುತ್ತಿದ್ದೇವೆ.

ಮಡಿಚುವ ಸೈಕಲ್ಲು ಇಂದಿನ ಸೋಜಿಗವಲ್ಲ. 19ನೆಯ ಶತಮಾನದ ಕೊನೆಯ ದಶಕದಲ್ಲಿಯೇ ಫ್ರಾನ್ಸಿನ ಸೈನ್ಯಾಧಿಕಾರಿ ಜೆರಾರ್ ಎಂಬವರು ಸೈನಿಕನು ಬೆನ್ನಿಗೆ ಕಟ್ಟಿಕೊಂಡು ನಡೆಯಬಹುದಾದ ಸೈಕಲ್ಲನ್ನು ಬಳಕೆಗೆ ತಂದರು. ಎರಡನೆಯ ಮಹಾಯುದ್ಧದಲ್ಲಿ ಇಂಗ್ಲೆಂಡಿನ ಬಿ.ಎಸ್.ಎ. ಕಾರಖಾನೆಯು ವಿಮಾನದಿಂದ ಧುಮುಕುವ ಪಡೆಗಳಿಗಾಗಿ ಮಡಿಚುವ ಸೈಕಲ್ಲುಗಳನ್ನು ತಯಾರಿಸಿತು. 1944ರ ಜೂನ್ ತಿಂಗಳಲ್ಲಿ ನಾರ್ಮಂಡಿಯ ಕಡಲತೀರದಲ್ಲಿ ಇಳಿದ ಸೈನಿಕರಲ್ಲಿ ಕೆಲವರು ಅವನ್ನು ಹೊತ್ತೇ ಇಳಿದರು. ಯುದ್ಧಕ್ಕಾಗಿ ಹುಟ್ಟಿದ ವಸ್ತು ಮುಂದೆ ಶಾಂತಿಯ ಕಾಲದ ನಗರಗಳಿಗೆ ಬಂದಿತು. 1970ರ ದಶಕದಲ್ಲಿ ಲಂಡನ್ನಿನ ಆಂಡ್ರ್ಯೂ ರಿಚಿ ಎಂಬ ಎಂಜಿನಿಯರರು ತಮ್ಮ ಕೋಣೆಯಲ್ಲಿಯೇ ಕುಳಿತು 16 ಇಂಚು ಚಕ್ರದ ಬ್ರಾಂಪ್ಟನ್ ಸೈಕಲ್ಲನ್ನು ರೂಪಿಸಿದರು. ಕಿಟಕಿಯಿಂದ ಕಾಣುತ್ತಿದ್ದ ಬ್ರಾಂಪ್ಟನ್ ಪ್ರಾರ್ಥನಾಮಂದಿರದ ಹೆಸರೇ ಅದಕ್ಕೆ ಬಂದಿತು. ಲೇಸರ್ ಕಿರಣಗಳ ಮೇಲೆ ಕೆಲಸ ಮಾಡುತ್ತಿದ್ದ ಭೌತವಿಜ್ಞಾನಿ ಡೇವಿಡ್ ಹಾನ್ ಅವರು 1982ರಲ್ಲಿ ಅಮೇರಿಕೆಯಲ್ಲಿ ಡಾಹೋನ್ ಸಂಸ್ಥೆಯನ್ನು ಸ್ಥಾಪಿಸಿದರು. ಉದ್ದೇಶ ಒಂದೇ: ಸಾಗುವಷ್ಟು ದೂರ ತುಳಿದು ಸಾಗುವುದು, ಬಸ್ಸು ರೈಲುಗಳು ಸಿಕ್ಕಲ್ಲಿ ಮಡಿಚಿ ಜೊತೆಗೊಯ್ಯುವುದು.

ಇನ್ನು ಲೆಕ್ಕಕ್ಕೆ ಬರೋಣ. ನಮ್ಮ ಮನೆಗಳಲ್ಲಿರುವ ಕರಿಯ ದೊಡ್ಡ ಸೈಕಲ್ಲಿನ ಚಕ್ರ 28 ಇಂಚಿನದು. ದಾರ ಸುತ್ತಿ ಅಳೆದರೆ ಅದರ ಸುತ್ತಳತೆ ಸುಮಾರು 2.23 ಮೀಟರು. ಪೆಡಲಿನ ಬಳಿಯ ಹಲ್ಲುಚಕ್ರಕ್ಕೆ 44 ಹಲ್ಲು, ಹಿಂದಿನ ಫ್ರೀವ್ಹೀಲಿಗೆ 18 ಹಲ್ಲು ಇರುವ ಸೈಕಲ್ಲೊಂದನ್ನು ನಾವು ತೆಗೆದುಕೊಂಡೆವು. ಪೆಡಲು ಒಂದು ಸುತ್ತು ಬಂದರೆ ಹಿಂದಿನ ಚಕ್ರ 44ನ್ನು 18ರಿಂದ ಭಾಗಿಸಿದಷ್ಟು, ಅಂದರೆ ಸುಮಾರು ಎರಡೂವರೆ ಸುತ್ತು ತಿರುಗುತ್ತದೆ. ಅದನ್ನು ಸುತ್ತಳತೆಯಿಂದ ಗುಣಿಸಿದರೆ ಸೈಕಲ್ಲು ಒಂದು ತುಳಿತಕ್ಕೆ 5.45 ಮೀಟರು ಮುಂದೆ ಸಾಗುತ್ತದೆ. ತುಳಿತವೆಂದರೆ ಇಲ್ಲಿ ಪೆಡಲಿನ ಒಂದು ಪೂರ್ಣ ಸುತ್ತು.

ಮಡಿಚುವ ಸೈಕಲ್ಲಿನ ಚಕ್ರದ ಸುತ್ತಳತೆ 1.55 ಮೀಟರು ಮಾತ್ರ. ಆದರೆ ಅದರ ಮುಂದಿನ ಹಲ್ಲುಚಕ್ರಕ್ಕೆ 52 ಹಲ್ಲುಗಳಿದ್ದವು; ಹಿಂದೆ 14ರಿಂದ 28 ಹಲ್ಲುಗಳವರೆಗಿನ ಏಳು ಚಕ್ರಗಳಿದ್ದವು. ಚೈನು 14 ಹಲ್ಲಿನ ಚಕ್ರದ ಮೇಲಿದ್ದರೆ ಒಂದು ತುಳಿತಕ್ಕೆ 5.76 ಮೀಟರು. ಸಣ್ಣ ಚಕ್ರದ ಸೈಕಲ್ಲು ದೊಡ್ಡದಕ್ಕಿಂತ ಮುಂದೆಯೇ ಹೋಯಿತು! ಚೈನನ್ನು 28 ಹಲ್ಲಿನ ಚಕ್ರಕ್ಕೆ ಏರಿಸಿದರೆ ಒಂದು ತುಳಿತಕ್ಕೆ 2.88 ಮೀಟರು. ನಕ್ಕಿದ್ದ ಹುಡುಗನೇ ಸೀಮೆಸುಣ್ಣ ಹಿಡಿದು ಈ ಲೆಕ್ಕ ಮಾಡಿದನು.

ಈಗ ಏರನ್ನು ನೆನೆಯಿರಿ. 100 ಮೀಟರು ದಾರಿ ಸಾಗಿದರೆ 5 ಮೀಟರು ಎತ್ತರವಾಗುವ ಏರು ಎಂದಿಟ್ಟುಕೊಳ್ಳೋಣ. ಕರಿಯ ಸೈಕಲ್ಲಿನವನು ಒಂದೊಂದು ತುಳಿತಕ್ಕೂ ತನ್ನನ್ನೂ ಸೈಕಲ್ಲನ್ನೂ ಸುಮಾರು 27 ಸೆಂಟಿಮೀಟರು ಮೇಲಕ್ಕೆತ್ತಬೇಕು. ಮಡಿಚುವ ಸೈಕಲ್ಲಿನವನು 28 ಹಲ್ಲಿನ ಗೇರಿನಲ್ಲಿ ಎತ್ತಬೇಕಾದುದು ಸುಮಾರು 14 ಸೆಂಟಿಮೀಟರು. ಆದರೆ ಮೊದಲನೆಯವನಿಗೆ 18 ತುಳಿತ ಸಾಕಾದರೆ ಎರಡನೆಯವನಿಗೆ 35 ತುಳಿತ ಬೇಕು. ಭಾರ ಒಂದೇ ಆಗಿದ್ದರೆ ಇಬ್ಬರೂ 5 ಮೀಟರು ಏರಲು ಮಾಡಬೇಕಾದ ಕೆಲಸವೂ ಒಂದೇ. ಇದನ್ನು ಚೆನ್ನಾಗಿ ನೆನಪಿಡಬೇಕು. ಯಂತ್ರವು ಕೆಲಸವನ್ನು ಕಡಿಮೆ ಮಾಡುವುದಿಲ್ಲ, ಸಣ್ಣ ಸಣ್ಣ ಪಾಲುಗಳಾಗಿ ಹಂಚಿಕೊಡುತ್ತದೆ. ಒಂದೇ ಏಟಿಗೆ ಎತ್ತಲಾರದ ಜೋಳದ ಚೀಲವನ್ನು ಬುಟ್ಟಿಬುಟ್ಟಿಯಾಗಿ ಸಾಗಿಸಿದಂತೆ.

ಗೇರಿನ ಈ ಉಪಕಾರವನ್ನು ಜನ ಸುಲಭವಾಗಿ ಒಪ್ಪಲಿಲ್ಲ. ಫ್ರಾನ್ಸಿನ ಸೇಂತ್ ಎತಿಯೆನ್ ನಗರದ ಪಾಲ್ ದ ವಿವೀ ಎಂಬವರು (1853–1930) ಗುಡ್ಡಗಾಡಿನ ಸೈಕಲ್ ಪ್ರವಾಸಕ್ಕೆ ಗೇರುಗಳು ಬೇಕೆಂದು ತಮ್ಮ ಪತ್ರಿಕೆಯಲ್ಲಿ ವರ್ಷಗಟ್ಟಲೆ ಬರೆದರು. ಅದು ದುರ್ಬಲರ ಸಾಧನವೆಂದು ಪಂದ್ಯದವರು ಹೀಯಾಳಿಸಿದರು. ಫ್ರಾನ್ಸಿನ ಪ್ರಖ್ಯಾತ ಪಂದ್ಯವಾದ ತೂರ್ ದ ಫ್ರಾನ್ಸ್‌ನಲ್ಲಿ ಚೈನು ಸರಿಸುವ ಗೇರಿಗೆ ಅನುಮತಿ ದೊರೆತದ್ದು 1937ರಲ್ಲಿ. ಇಂದು ಗೇರಿಲ್ಲದೆ ಆ ಪಂದ್ಯಕ್ಕೆ ಇಳಿಯುವವರೇ ಇಲ್ಲ. ದ ವಿವೀ ಅವರು ಪ್ರವಾಸಿಗರಿಗೆ ಕೆಲವು ನಿಯಮಗಳನ್ನೂ ಹಾಕಿಕೊಟ್ಟಿದ್ದರು. ಹಮ್ಮಿಗಾಗಿ ತುಳಿಯಬಾರದೆಂಬುದು ಅವುಗಳಲ್ಲೊಂದು. ನಮಗೆ ಆ ನಿಯಮ ತಡವಾಗಿ ತಿಳಿಯಿತು. ಅದನ್ನು ಮುಂದೆ ಹೇಳುತ್ತೇವೆ.

ಮಡಿಚುವ ಸೈಕಲ್ಲಿಗೆ ಕುಂದುಗಳಿಲ್ಲವೆಂದಲ್ಲ. ಸಣ್ಣ ಚಕ್ರವು ತಗ್ಗಿಗೆ ಬೇಗ ಇಳಿಯುತ್ತದೆ. ನಮ್ಮ ಕಡೆಯ ಕಲ್ಲುದಾರಿಯಲ್ಲಿ ಮೈಯೆಲ್ಲ ಅಲುಗುತ್ತದೆ. ಬೆಲೆಯೂ ಸಾಧಾರಣ ಸೈಕಲ್ಲಿಗಿಂತ ಹೆಚ್ಚು. ಹೊರಡುವ ಮುನ್ನ ಪ್ರತಿಯೊಂದು ಕೀಲೂ ಬಿಗಿಯಾಗಿ ಕುಳಿತಿದೆಯೇ ಎಂದು ಕೈಯಿಂದ ಮುಟ್ಟಿ ನೋಡಲೇಬೇಕು. ಇಳುಕಲಿನಲ್ಲಿ ವೇಗ ಬಿಡದೆ ಎರಡೂ ಬ್ರೇಕುಗಳನ್ನು ಮೆಲ್ಲಮೆಲ್ಲನೆ ಹಿಡಿಯಬೇಕು. ಏರು ಹತ್ತಿದವನಿಗಿಂತ ಇಳುಕಲನ್ನು ಸರಿಯಾಗಿ ಇಳಿದವನೇ ಜಾಣ.

ನಮ್ಮ ಹಳೆಯ ವಿದ್ಯಾರ್ಥಿಯು ಬೆಂಗಳೂರಿನ ಸಂಗತಿಯನ್ನು ಮಕ್ಕಳಿಗೆ ವಿವರಿಸಿದರು. ಅಲ್ಲಿ ರವಿವಾರ ನಸುಕಿನಲ್ಲಿಯೇ ಸೈಕಲ್ಲಿನವರು ಗುಂಪುಗೂಡಿ ನಂದಿಬೆಟ್ಟದ ದಾರಿ ಹಿಡಿಯುತ್ತಾರೆ. ಸಮುದ್ರಮಟ್ಟದಿಂದ 1,478 ಮೀಟರು ಎತ್ತರದ ಆ ಬೆಟ್ಟವು ನಗರದಿಂದ ಸುಮಾರು 60 ಕಿಲೋಮೀಟರು ದೂರದಲ್ಲಿದೆ. ತಿರುವುಗಳ ಏರುದಾರಿಯಲ್ಲಿ ದಣಿದವರು, ದಣಿಯದವರು, ನಡುವಯಸ್ಸಿನವರು, ಹೆಣ್ಣುಮಕ್ಕಳು ಎಲ್ಲರೂ ಇರುತ್ತಾರೆ. ಬೆಂಗಳೂರಿನ ನಮ್ಮ ಮೆಟ್ರೋ ರೈಲಿನಲ್ಲಿ 2020ರ ನವೆಂಬರಿನಲ್ಲಿ ಮಡಿಚುವ ಸೈಕಲ್ಲುಗಳಿಗೆ ಅವಕಾಶ ದೊರೆಯಿತು; ತೂಕ 15 ಕಿಲೋಗ್ರಾಮನ್ನು ಮೀರಬಾರದೆಂಬ ನಿಬಂಧನೆ ಹಾಕಲಾಯಿತು. ಇನ್ನೂ ದೂರ ಹೋಗಬಯಸುವವರಿಗಾಗಿ 2008ರಲ್ಲಿ ನೀಲಗಿರಿ ಸೈಕಲ್ ಪ್ರವಾಸವೂ ಆರಂಭವಾಯಿತು. ಆ ಸೀಮೆಯಲ್ಲಿ ಮಸಿನಗುಡಿಯಿಂದ ಉದಕಮಂಡಲಕ್ಕೆ ಏರುವ ಕಲ್ಲಹಟ್ಟಿ ಘಾಟಿಗೆ 36 ಕಡಿದಾದ ತಿರುವುಗಳಿವೆ. ಇದನ್ನು ಕೇಳಿದ ಮಕ್ಕಳ ಕಣ್ಣುಗಳು ಅರಳಿದವು.

ನಮ್ಮ ಜತ್ತ ತಾಲೂಕಿನಲ್ಲಿ ನಂದಿಯಂತಹ ಬೆಟ್ಟವಿಲ್ಲ. ಇರುವುದು ದಿನ್ನೆಗಳು, ಕುರುಚಲು ಮಾಳ, ಕಡಿಮೆ ಮಳೆ, ಎಡೆಬಿಡದ ಗಾಳಿ. ಗಾಳಿಯಂತ್ರಗಳನ್ನು ತಿರುಗಿಸುವ ಆ ಗಾಳಿಯು ಎದುರಾದಾಗ ಸಮದಾರಿಯೂ ಏರೇ ಆಗುತ್ತದೆ. ಆಗ ಒಬ್ಬನು ಮುಂದೆ ಸಾಗಿದರೆ ಅವನ ಹಿಂದಿನವನಿಗೆ ಗಾಳಿಯ ತಡೆ ಕಡಿಮೆ. ಬಲವಂತರು ಸರದಿಯ ಮೇಲೆ ಮುಂದಾಗಿ ಗಾಳಿಗೆ ಎದೆಯೊಡ್ಡಿದರೆ ಬಲಹೀನನೂ ಊರು ಮುಟ್ಟುತ್ತಾನೆ. ಗೇರು ಒಬ್ಬನ ಶ್ರಮವನ್ನು ಹಲವು ತುಳಿತಗಳಿಗೆ ಹಂಚಿದರೆ, ಕೂಟವು ಶ್ರಮವನ್ನು ಹಲವು ಜನರಿಗೆ ಹಂಚುತ್ತದೆ. ಎರಡಕ್ಕೂ ತತ್ತ್ವ ಒಂದೇ.

ಈ ತತ್ತ್ವವನ್ನು ನಾವು ಪುಸ್ತಕದಿಂದ ಕಲಿಯಲಿಲ್ಲ. ಹಲವು ವರ್ಷಗಳ ಹಿಂದೆ, ಬೇರೊಂದು ಊರಿನಲ್ಲಿ ಸಹಶಿಕ್ಷಕರಾಗಿದ್ದಾಗ, ಚಳಿಗಾಲದ ಒಂದು ದಿನ 16 ಮಕ್ಕಳೊಡನೆ ಗುಡ್ಡಾಪುರದ ದಾನಮ್ಮದೇವಿಯ ದರ್ಶನಕ್ಕೆ ಸೈಕಲ್ಲಿನ ಮೇಲೆ ಹೊರಟೆವು. ಆಗ ನಮ್ಮ ಬಳಿ ಹೊಸ ಸೈಕಲ್ಲಿತ್ತು. ಕಾಲಿನಲ್ಲಿ ಬಲವೂ, ತಲೆಯಲ್ಲಿ ಸ್ವಲ್ಪ ಹಮ್ಮೂ ಇದ್ದವು. ಗಟ್ಟಿ ಹುಡುಗರೊಡನೆ ಪೈಪೋಟಿಗೆ ಬಿದ್ದು ನಾವೂ ಮುಂದೆ ಮುಂದೆಯೇ ಸಾಗಿದೆವು. ಗುಡಿಯ ಮುಂದೆ ಇಳಿದು ಎಣಿಸಿದಾಗ ಮಕ್ಕಳು 15 ಮಾತ್ರ!

ಎದೆ ಝಲ್ಲೆಂದಿತು. ಬಂದ ದಾರಿಯಲ್ಲಿಯೇ ಹಿಂದಿರುಗಿದೆವು. ಎಷ್ಟೋ ದೂರದಲ್ಲಿ, ಒಂದು ದಿನ್ನೆಯ ಕೆಳಗೆ, ಬೇವಿನ ಮರದ ನೆರಳಿನಲ್ಲಿ ಎಂಟನೆಯ ತರಗತಿಯ ಹುಡುಗನು ಕುಳಿತಿದ್ದನು. ತಂದೆಯ ದೊಡ್ಡ ಸೈಕಲ್ಲು. ಅವನ ಕಾಲು ಪೆಡಲಿಗೆ ಸರಿಯಾಗಿ ನಿಲುಕುತ್ತಿರಲಿಲ್ಲ. ಏರಿನಲ್ಲಿ ಚೈನು ಹರಿದಿತ್ತು. ಕುಡಿಯಲು ನೀರಿರಲಿಲ್ಲ, ನೀರಿನ ಬಾಟಲಿಗಳ ಚೀಲ ಮುಂದೆ ಹೋದವರ ಕ್ಯಾರಿಯರಿನ ಮೇಲಿತ್ತು. ನಮ್ಮನ್ನು ಕಂಡೊಡನೆ ಎದ್ದು ನಿಂತು, “ತಪ್ಪ ನಂದೇ ಐತ್ರಿ ಗುರುಗಳ. ನಾ ಸಾವಕಾಶ ಹೊಡಿತೇನ್ರಿ,” ಎಂದನು. ಅವನು ಅತ್ತಿದ್ದರೆ ನಮಗೆ ಅಷ್ಟು ನೋವಾಗುತ್ತಿರಲಿಲ್ಲ.

ಸಂಜೆ ಅವನನ್ನು ಮನೆಗೆ ಮುಟ್ಟಿಸಿ, ನಡೆದುದನ್ನೆಲ್ಲ ತಂದೆಗೆ ತಿಳಿಸಿದೆವು. ಅವರು ಕುರಿ ಸಾಕುವವರು. ನಮ್ಮ ಸೀಮೆಯ ಹೆಸರುವಾಸಿ ಮಾಡಗ್ಯಾಳ ತಳಿಯ ಕುರಿಗಳು ಅವರಲ್ಲಿದ್ದವು. ಅವರು ಸಿಟ್ಟಾಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಗುರುಗಳ, ನಾವು ಹಿಂಡಿನ ಹಿಂದ ನಡಿತೇವ್ರಿ. ಮುಂದ ನಡದರ ಕುಂಟ ಮರಿ ಕಾಣೂದಿಲ್ರಿ,” ಎಂದರು. ಬಿ.ಎ., ಬಿ.ಟಿ. ಓದಿದ ನಮಗೆ ಅಂದು ಆ ಕುರಿಗಾಹಿಯೇ ಗುರುವಾದರು. ಅಂದಿನಿಂದ ನಾವು ಯಾವ ಸಂಚಾರದಲ್ಲಿಯೂ ಎಲ್ಲರಿಗಿಂತ ಹಿಂದೆ ಇರುತ್ತೇವೆ.

ಆ ಅನುಭವದಿಂದ ನಾವು ಹಾಕಿಕೊಂಡ ನಿಯಮಗಳು ಇವು:

1. ಕೂಟದ ವೇಗವು ಅತ್ಯಂತ ಸಾವಕಾಶವಾಗಿ ಸಾಗುವವನ ವೇಗ. ಅವನು ಮುಂಭಾಗದಲ್ಲಿರಲಿ, ಹಿರಿಯರೊಬ್ಬರು ಕಟ್ಟಕಡೆಗಿರಲಿ.
2. ಪ್ರತಿ ಏರಿನ ತಲೆಯಲ್ಲಿ ರಸ್ತೆಯಿಂದ ಕೆಳಗಿಳಿದು ನಿಲ್ಲಬೇಕು. ಎಣಿಕೆ ಪೂರ್ಣವಾಗದೆ ಮುಂದೆ ಸಾಗಬಾರದು. ಕಡೆಗೆ ಬಂದವನಿಗೂ ವಿಶ್ರಾಂತಿ ದೊರೆಯಬೇಕು. ಅವನು ಬಂದೊಡನೆ ಉಳಿದವರು ಹೊರಟುಬಿಡುವುದು ನ್ಯಾಯವಲ್ಲ.
3. ಪ್ರತಿಯೊಬ್ಬನ ನೀರು ಅವನವನ ಬಳಿಯೇ ಇರಬೇಕು.
4. ರಸ್ತೆಯ ಎಡಬದಿಯಲ್ಲಿ ಒಬ್ಬರ ಹಿಂದೊಬ್ಬರು, ನಡುವೆ ಸಾಕಷ್ಟು ಅಂತರವಿಟ್ಟು ಸಾಗಬೇಕು. ತಲೆಗೆ ಶಿರಸ್ತ್ರಾಣ ಬೇಕು. ಕತ್ತಲಾಗುವ ಮೊದಲು ಊರು ಸೇರಬೇಕು.
5. ಗಾಳಿ ತುಂಬುವ ಪಂಪು, ಪಂಕ್ಚರಿನ ಸಾಮಾನು, ಪಾನೆ ಮತ್ತು ಚೈನಿನ ಒಂದು ಕೊಂಡಿ ಕೂಟದಲ್ಲಿ ಇರಲೇಬೇಕು.
6. ಏರಿನಲ್ಲಿ ದಣಿದರೆ ಇಳಿದು ತಳ್ಳುವುದು ಅವಮಾನವಲ್ಲ. ತಳ್ಳುವವನನ್ನು ನೋಡಿ ನಗುವುದು ಅವಮಾನ.

ಪಾಲಕ ಬಂಧುಗಳೇ, ಮಕ್ಕಳಿಗೆ ಮಡಿಚುವ ಸೈಕಲ್ಲನ್ನೇ ಕೊಡಿಸಿರೆಂದು ನಾವು ಹೇಳುತ್ತಿಲ್ಲ. ಮನೆಯ ಹಳೆಯ ಸೈಕಲ್ಲಿನ ಬ್ರೇಕು ಸರಿಪಡಿಸಿ, ಸೀಟನ್ನು ಮಗುವಿನ ಎತ್ತರಕ್ಕೆ ಇಳಿಸಿಕೊಟ್ಟರೆ ಸಾಕು. ಹಿಂದಿನ ಫ್ರೀವ್ಹೀಲನ್ನು ಹೆಚ್ಚು ಹಲ್ಲಿನದಕ್ಕೆ ಬದಲಾಯಿಸಿದರೆ ಕರಿಯ ಸೈಕಲ್ಲೂ ಏರಿನಲ್ಲಿ ಹಗುರಾಗುತ್ತದೆ. ಇನ್ನೊಂದು ಮಾತು. ಅಂಗಳದ ಲೆಕ್ಕ ಮುಗಿದ ಮೇಲೆ ಊರ ಹೊರಗಿನ ಏರಿನಲ್ಲಿ ಪರೀಕ್ಷೆ ನಡೆಯಿತು. ಮಡಿಚುವ ಸೈಕಲ್ಲನ್ನು ಏರಿದವಳು ಒಂಬತ್ತನೆಯ ತರಗತಿಯ ಹುಡುಗಿ. ನಡುವೆ ಎಲ್ಲಿಯೂ ಇಳಿಯದೆ ದಿನ್ನೆಯ ತಲೆ ಮುಟ್ಟಿದಳು. ಅಲ್ಲಿ ನಿಂತು ಉಳಿದವರಿಗಾಗಿ ಕಾದಳು. ಹುಡುಗಿಯರು ಸೈಕಲ್ಲು ಹೊಡೆದು ಎಲ್ಲಿಗೆ ಹೋಗಬೇಕು ಎನ್ನುವ ಮನೆಗಳು ಇನ್ನೂ ಇವೆ. ಹೈಸ್ಕೂಲಿಗೆ ಹೋಗಬೇಕು, ಕಾಲೇಜಿಗೆ ಹೋಗಬೇಕು ಎಂಬುದೇ ನಮ್ಮ ಉತ್ತರ. ದೂರದ ನೆಪದಿಂದ ಓದು ನಿಲ್ಲಿಸಿದ ಹುಡುಗಿಯರನ್ನು ನಾವು ಕಂಡಿದ್ದೇವೆ. ರಜೆಯ ದಿನ ಕೂಟದೊಡನೆ ಧೈರ್ಯದಿಂದ ಏರು ಹತ್ತಿದವಳಿಗೆ ಶಾಲೆಯ ದಾರಿ ದೂರವೆನಿಸದು.

ಬರುವ ಮಾಘಮಾಸದಲ್ಲಿ ನಮ್ಮ ಶಾಲೆಯ ಸೈಕಲ್ ಸಂಚಾರವು ಗುಡ್ಡಾಪುರಕ್ಕೆ ಹೊರಡಲಿದೆ. ಪಾಲಕರ ಲಿಖಿತ ಒಪ್ಪಿಗೆ ಇದ್ದವರಿಗೆ ಮಾತ್ರ ಪ್ರವೇಶ. ಬರಲಿಚ್ಛಿಸುವ ಪಾಲಕರಿಗೂ ಸ್ವಾಗತ. ಅವರು ನಮ್ಮೊಡನೆ ಹಿಂದಿನ ಸಾಲಿನಲ್ಲಿರಬೇಕು.

ಅಭ್ಯಾಸ

1. ನಿಮ್ಮ ಮನೆಯ ಸೈಕಲ್ಲಿನ ಎರಡೂ ಹಲ್ಲುಚಕ್ರಗಳ ಹಲ್ಲುಗಳನ್ನು ಎಣಿಸಿರಿ. ಚಕ್ರದ ಸುತ್ತಳತೆಯನ್ನು ದಾರದಿಂದ ಅಳೆಯಿರಿ. ಒಂದು ತುಳಿತಕ್ಕೆ ಸೈಕಲ್ಲು ಎಷ್ಟು ದೂರ ಸಾಗುತ್ತದೆ?
2. ಸುತ್ತಳತೆ 1.55 ಮೀಟರು, ಮುಂದೆ 52 ಹಲ್ಲು, ಹಿಂದೆ 20 ಹಲ್ಲು ಇದ್ದರೆ ಒಂದು ತುಳಿತದ ದೂರವೆಷ್ಟು? 100 ಮೀಟರಿಗೆ ಎಷ್ಟು ತುಳಿತ ಬೇಕು?
3. ಗೇರಿನಿಂದ ತುಳಿತ ಹಗುರಾದರೂ ಒಟ್ಟು ಕೆಲಸ ಏಕೆ ಕಡಿಮೆಯಾಗುವುದಿಲ್ಲ?
4. ಕುರಿಗಾಹಿಯು ಹಿಂಡಿನ ಹಿಂದೆ ಏಕೆ ನಡೆಯುತ್ತಾನೆ? ಮನೆಯಲ್ಲಿ ಹಿರಿಯರನ್ನು ಕೇಳಿ ಐದು ವಾಕ್ಯಗಳಲ್ಲಿ ಬರೆಯಿರಿ.