ಬುಗುಡಿ ತೊಡುವ ಮುನ್ನ: ಮೇಲ್ಗಿವಿ ಚುಚ್ಚಿಸುವುದು ಮತ್ತು ಅದರ ಆರೈಕೆ

ಶರಣಧರ್ಮದಲ್ಲಿ ಕಾಯಕ್ಕೆ ಹಿರಿದಾದ ಸ್ಥಾನವಿದೆ. ಇಷ್ಟಲಿಂಗವನ್ನು ಧರಿಸುವುದೂ ಕಾಯಕವನ್ನು ನಡೆಸುವುದೂ ಈ ಕಾಯದಿಂದಲೇ. ಅದರಲ್ಲಿಯೂ ಕಿವಿಯ ಹಿರಿಮೆ ವಿಶೇಷವಾದುದು. ದೀಕ್ಷೆಯ ಸಮಯದಲ್ಲಿ ಗುರುವಿನ ಮಂತ್ರೋಪದೇಶವು ಶಿಷ್ಯನನ್ನು ಸೇರುವುದು ಕಿವಿಯ ಮೂಲಕ. ಈ ಅಂಗಕ್ಕೆ ಒಡವೆ ತೊಡಿಸುವ ಪದ್ಧತಿ ನಮ್ಮಲ್ಲಿ ಬಹಳ ಹಳೆಯದು.

ಇತ್ತೀಚೆಗೆ ತುಮಕೂರು ನಗರದ ಶೆಟ್ಟಿಹಳ್ಳಿ, ಕ್ಯಾತ್ಸಂದ್ರಗಳಲ್ಲಿಯೂ ಗುಬ್ಬಿ, ಕುಣಿಗಲ್ ಸೀಮೆಯ ಹಳ್ಳಿಗಳಲ್ಲಿಯೂ ಕಾಲೇಜಿಗೆ ಹೋಗುವ ಹೆಣ್ಣುಮಕ್ಕಳು ಕಿವಿಯ ಹಾಲೆಯ ಜೊತೆಗೆ ಮೇಲಂಚನ್ನೂ ಚುಚ್ಚಿಸಿಕೊಳ್ಳುತ್ತಿದ್ದಾರೆ. ಹಿರಿಯರು ಇದನ್ನು ಹೊಸ ಕಾಲದ ಹುಚ್ಚೆಂದು ಬೈಯುವುದುಂಟು. ಆದರೆ ನಮ್ಮ ಅಜ್ಜಿಯರು ತೊಡುತ್ತಿದ್ದ ಬುಗುಡಿ ಕಿವಿಯ ಮೇಲಂಚಿನ ಒಡವೆಯೇ ಅಲ್ಲವೆ? ಆದುದರಿಂದ ಬೈಯುವುದಕ್ಕಿಂತ ತಿಳಿಸಿಕೊಡುವುದು ಮೇಲು. ಮೇಲ್ಗಿವಿಯ ಗಾಯವು ಹಾಲೆಯ ಗಾಯದಂತಲ್ಲ ಎಂಬ ಒಂದು ಸಂಗತಿಯನ್ನು ಎಲ್ಲರೂ ಅರಿತರೆ ಅನೇಕ ಕಿವಿಗಳು ಉಳಿಯುತ್ತವೆ.

ಪ್ರಾಚೀನರ ವಿವೇಕ

ಸುಶ್ರುತ ಸಂಹಿತೆಯ ಸೂತ್ರಸ್ಥಾನದ 16ನೆಯ ಅಧ್ಯಾಯವು ಕಿವಿ ಚುಚ್ಚುವ ವಿಧಿಯನ್ನು ವಿವರಿಸುತ್ತದೆ. ಮಗುವಿನ ಕಿವಿಯನ್ನು ಎಳೆದು ಹಿಡಿದು, ಸೂರ್ಯನ ಬೆಳಕು ತೂರಿ ಕಾಣುವ ತೆಳುವಾದ ಸಹಜ ಸ್ಥಾನವನ್ನು ಗುರುತಿಸಿ, ಅಲ್ಲಿ ಮಾತ್ರ ನಿಧಾನವಾಗಿ ನೇರವಾಗಿ ಚುಚ್ಚಬೇಕೆಂದು ಅದು ವಿಧಿಸುತ್ತದೆ. ತಪ್ಪಾದ ಜಾಗದಲ್ಲಿ ಚುಚ್ಚಿ ನಾಳಗಳಿಗೆ ಪೆಟ್ಟಾದರೆ ಜ್ವರ, ಬಾವು, ನೋವು ಉಂಟಾಗುವುವೆಂದು ಎಚ್ಚರಿಸುತ್ತದೆ. ಚುಚ್ಚಿದ ಮೇಲೆ ಹತ್ತಿಯ ಬತ್ತಿಯನ್ನಿಟ್ಟು, ಮೂರು ದಿನಕ್ಕೊಮ್ಮೆ ಅದನ್ನು ಬದಲಿಸಬೇಕೆಂಬ ಕ್ರಮವೂ ಅಲ್ಲಿದೆ. ಸರಿಯಾದ ಸ್ಥಳ, ಸರಿಯಾದ ಸೂಜಿ, ಅನಂತರದ ಆರೈಕೆ ಎಂಬ ಈ ಮೂರು ಅಂಶಗಳನ್ನು ಇಂದಿನ ವೈದ್ಯವಿಜ್ಞಾನವೂ ಒತ್ತಿ ಹೇಳುತ್ತದೆ.

ಹಾಲೆ ಬೇರೆ, ಮೇಲ್ಗಿವಿ ಬೇರೆ

ಕಿವಿಯ ಹಾಲೆಯು ಕೊಬ್ಬು ಮತ್ತು ಚರ್ಮಗಳಿಂದಾದ ಮೆತ್ತನೆಯ ಭಾಗ. ಅಲ್ಲಿ ರಕ್ತಸಂಚಾರ ಚೆನ್ನಾಗಿರುವುದರಿಂದ ಗಾಯವು ಸಾಮಾನ್ಯವಾಗಿ 6ರಿಂದ 8 ವಾರಗಳಲ್ಲಿ ಮಾಯುತ್ತದೆ. ಮೇಲ್ಗಿವಿಯ ಒಳಗಿರುವುದು ಮೃದ್ವಸ್ಥಿ, ಅಂದರೆ ಬಾಗುವ ಮೆಲ್ಲೆಲುಬು. ಇದಕ್ಕೆ ತನ್ನದೇ ಆದ ರಕ್ತನಾಳಗಳಿಲ್ಲ. ಅದನ್ನು ಸುತ್ತಿಕೊಂಡಿರುವ ತೆಳುವಾದ ಪೊರೆಯಿಂದ ಪೋಷಣೆಯು ಒಸರಿ ಬರಬೇಕು. ಆದುದರಿಂದ ಇಲ್ಲಿನ ಗಾಯ ಪೂರ್ಣವಾಗಿ ಮಾಯಲು 6 ತಿಂಗಳಿಂದ ಒಂದು ವರ್ಷದವರೆಗೆ ಬೇಕಾಗುತ್ತದೆ. ಹೊರಗೆ ಮಾಗಿದಂತೆ ಕಂಡರೂ ಒಳಗೆ ಹಸಿಯಾಗಿಯೇ ಇರಬಹುದು.

ಸೋಂಕು ತಗುಲಿ ಪೊರೆ ಮತ್ತು ಮೃದ್ವಸ್ಥಿಗಳ ನಡುವೆ ಕೀವು ತುಂಬಿದರೆ ಪೋಷಣೆಯು ತಪ್ಪಿ ಮೃದ್ವಸ್ಥಿಯು ಸಾಯುತ್ತದೆ. ಸತ್ತ ಮೃದ್ವಸ್ಥಿ ಮೊದಲಿನಂತೆ ಬೆಳೆಯುವುದಿಲ್ಲ. ಕಿವಿ ಮುದುಡಿ ಆಕಾರಗೆಡುತ್ತದೆ. ಗರಡಿಯಲ್ಲಿ ಪಳಗಿದ ಕೆಲವು ಪೈಲ್ವಾನರ ಕಿವಿಗಳು ಗಂಟುಗಂಟಾಗಿರುವುದನ್ನು ನೋಡಿರಬಹುದು. ಪೆಟ್ಟು ಬಿದ್ದು ರಕ್ತವು ಅದೇ ಜಾಗದಲ್ಲಿ ಹೆಪ್ಪುಗಟ್ಟುವುದೇ ಅದಕ್ಕೆ ಕಾರಣ.

ಚುಚ್ಚಿಸುವಾಗ ಗಮನಿಸಬೇಕಾದುದು

ಮೇಲ್ಗಿವಿಗೆ ಸ್ಪ್ರಿಂಗ್ ಗನ್ ಬೇಡ. ಅದು ಮೊಂಡು ತುದಿಯ ಓಲೆಯನ್ನು ರಭಸದಿಂದ ತೂರಿಸುವುದರಿಂದ ಮೃದ್ವಸ್ಥಿ ಜಜ್ಜಿಹೋಗಬಹುದು. ಪ್ಲಾಸ್ಟಿಕ್ಕಿನ ಗನ್ನನ್ನು ಆವಿಯಲ್ಲಿ ಶುದ್ಧೀಕರಿಸಲೂ ಆಗದು. ಒಮ್ಮೆ ಮಾತ್ರ ಬಳಸಿ ಬಿಸಾಡುವ, ನಮ್ಮ ಕಣ್ಣೆದುರೇ ಪೊಟ್ಟಣ ಒಡೆದು ತೆಗೆದ ಟೊಳ್ಳು ಸೂಜಿಯೇ ಉತ್ತಮ. ಒಬ್ಬರಿಗೆ ಬಳಸಿದ ಸೂಜಿಯನ್ನು ಮತ್ತೊಬ್ಬರಿಗೆ ಬಳಸಿದರೆ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಹಾಗೂ ಎಚ್‌ಐವಿ ಹರಡುವ ಸಂಭವವಿದೆ. ಜಾತ್ರೆಯ ಜನಜಂಗುಳಿ, ಧೂಳಿನ ನಡುವೆ ಮೇಲ್ಗಿವಿ ಚುಚ್ಚಿಸಬಾರದು. ಕಿವಿ-ಮೂಗು-ಗಂಟಲು ತಜ್ಞರಲ್ಲಿ ಅಥವಾ ಚರ್ಮವೈದ್ಯರಲ್ಲಿ ಚುಚ್ಚಿಸುವುದು ಕ್ಷೇಮ.

ಶುಚಿಯ ಲೋಪ ಎಷ್ಟು ಸಣ್ಣದಿದ್ದರೂ ಫಲ ದೊಡ್ಡದಾಗಬಹುದೆಂಬುದಕ್ಕೆ ಒಂದು ನಿದರ್ಶನವಿದೆ. 2000ದಲ್ಲಿ ಅಮೆರಿಕದ ಓರೆಗಾನ್ ರಾಜ್ಯದ ಒಂದು ಅಂಗಡಿಯಲ್ಲಿ ಮೇಲ್ಗಿವಿ ಚುಚ್ಚಿಸಿಕೊಂಡವರಲ್ಲಿ 7 ಮಂದಿಗೆ ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾದ ಸೋಂಕು ದೃಢಪಟ್ಟಿತು. ಪರಿಶೀಲಿಸಿದಾಗ ಕ್ರಿಮಿನಾಶಕವನ್ನು ಸಿಂಪಡಿಸುವ ಸೀಸೆಯೇ ಕಲುಷಿತವಾಗಿತ್ತೆಂದು ತಿಳಿಯಿತು.

ಮೊದಲು ತೊಡುವ ಒಡವೆ ಟೈಟಾನಿಯಂ ಅಥವಾ ನಿಕ್ಕಲ್ ಬೆರೆಸದ ಚಿನ್ನದ್ದಾಗಿರಲಿ. ಅಗ್ಗದ ಕೃತಕ ಆಭರಣಗಳಲ್ಲಿ ನಿಕ್ಕಲ್ ಇರುವುದು ಸಾಮಾನ್ಯ. ಅದರಿಂದ ತುರಿಕೆ, ನೀರೊಸರುವಿಕೆ ಉಂಟಾಗುತ್ತವೆ. ಮೊದಲ ದಿನಗಳಲ್ಲಿ ಕಿವಿ ಊದುವುದರಿಂದ ಕಡ್ಡಿಯು ಸ್ವಲ್ಪ ಉದ್ದವಾಗಿರಬೇಕು. ಧನುರ್ವಾಯು ನಿರೋಧಕ ಚುಚ್ಚುಮದ್ದು ಆಗಿದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಬೇಕು.

ಹತೋಟಿಗೆ ಬಾರದ ಸಕ್ಕರೆ ಕಾಯಿಲೆ ಇರುವವರು, ರಕ್ತ ತೆಳುವಾಗುವ ಔಷಧಿ ಸೇವಿಸುವವರು, ಹೃದಯದ ಕವಾಟದ ತೊಂದರೆಯುಳ್ಳವರು ವೈದ್ಯರ ಸಲಹೆಯಿಲ್ಲದೆ ಚುಚ್ಚಿಸಬಾರದು. ಗಾಯದ ಕಲೆಗಳು ಗಡ್ಡೆಯಂತೆ ಉಬ್ಬಿ ಬೆಳೆಯುವ ಕೀಲಾಯ್ಡ್ ಸ್ವಭಾವ ಮನೆತನದಲ್ಲಿದ್ದರೆ ಈ ಆಸೆಯನ್ನು ಬಿಡುವುದೇ ಒಳಿತು. ಮೇಲ್ಗಿವಿ ಚುಚ್ಚಿಸಿದರೆ ಅರೆತಲೆನೋವು ವಾಸಿಯಾಗುವುದು, ಬುದ್ಧಿ ಚುರುಕಾಗುವುದು ಎಂಬ ಮಾತುಗಳಿಗೆ ದೃಢವಾದ ಆಧಾರವಿಲ್ಲ.

ದಿನನಿತ್ಯದ ಆರೈಕೆ

1. ಸೋಪಿನಿಂದ ಕೈ ತೊಳೆಯದೆ ಕಿವಿಯನ್ನು ಮುಟ್ಟಬಾರದು.

2. ದಿನಕ್ಕೆ ಎರಡು ಸಲ ಔಷಧಿ ಅಂಗಡಿಯಲ್ಲಿ ದೊರೆಯುವ ನಾರ್ಮಲ್ ಸಲೈನ್‌ನಿಂದ ತೊಳೆದು, ಶುಭ್ರವಾದ ಗಾಜ್ ಬಟ್ಟೆಯಿಂದ ಒತ್ತಿ ಒಣಗಿಸಬೇಕು. ಇದರಲ್ಲಿ ಲೀಟರಿಗೆ 9 ಗ್ರಾಂ ಉಪ್ಪು ಇರುತ್ತದೆ; ಹೆಚ್ಚು ಉಪ್ಪು ಹಾಕಿದರೆ ಬೇಗ ವಾಸಿಯಾಗುವುದೆಂಬುದು ತಪ್ಪು.

3. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್‌ಗಳು ಹೊಸ ಚರ್ಮವನ್ನು ಸುಡುತ್ತವೆ. ಅಡುಗೆಮನೆಯ ಅರಿಸಿನ, ಕೊಬ್ಬರಿ ಎಣ್ಣೆ, ಬೇವಿನ ಕಡ್ಡಿ ಇವು ಶುದ್ಧೀಕರಿಸಿದ ವಸ್ತುಗಳಲ್ಲವಾದುದರಿಂದ ಹಸಿಗಾಯಕ್ಕೆ ಸಲ್ಲವು.

4. ಓಲೆಯನ್ನು ತಿರುಗಿಸುತ್ತಿರಬೇಕೆಂಬುದು ಹಳೆಯ ನಂಬಿಕೆ. ತಿರುಗಿಸಿದಷ್ಟೂ ಮಾಯುತ್ತಿರುವ ಗಾಯ ಹರಿಯುತ್ತದೆ.

5. ಆ ಪಕ್ಕಕ್ಕೆ ಒರಗಿ ಮಲಗಬಾರದು. ಬಾಚಣಿಗೆ, ವೇಲು, ಹೆಲ್ಮೆಟ್, ಮೊಬೈಲು ತಗುಲದಂತೆ ಎಚ್ಚರವಿರಲಿ. ಹೆಲ್ಮೆಟ್ಟನ್ನು ಬಿಡುವಂತಿಲ್ಲ, ನಿಧಾನವಾಗಿ ಧರಿಸಿ ನಿಧಾನವಾಗಿ ತೆಗೆಯಬೇಕು.

6. ಕೆರೆ, ಬಾವಿ, ಈಜುಕೊಳಗಳ ನೀರು ಗಾಯಕ್ಕೆ ತಾಕಬಾರದು. ಸ್ಯೂಡೊಮೊನಾಸ್ ತೇವದ ಜಾಗಗಳಲ್ಲಿ ಬೆಳೆಯುವಂಥದು.

7. ವಿಭೂತಿಧಾರಣೆಯ ಸ್ಥಾನಗಳಲ್ಲಿ ಕಿವಿಗಳೂ ಸೇರಿವೆ. ಗಾಯ ಮಾಗುವವರೆಗೆ ಆ ಜಾಗವನ್ನು ಬಿಟ್ಟು ಉಳಿದೆಡೆ ಧರಿಸಿದರೆ ಭಕ್ತಿಗೆ ಕೊರತೆಯಾಗದು.

ತಡಮಾಡದೆ ವೈದ್ಯರನ್ನು ಕಾಣಬೇಕಾದ ಸಮಯ

ಮೊದಲ ಕೆಲವು ದಿನ ತುಸು ಕೆಂಪು, ಊತ, ತಿಳಿಯಾದ ಹಳದಿ ನೀರು ಒಣಗಿ ಹಕ್ಕಳೆಗಟ್ಟುವುದು ಸಹಜ. ಆದರೆ ನೋವು ದಿನೇ ದಿನೇ ಏರುವುದು, ಮೇಲ್ಗಿವಿಯೆಲ್ಲ ಕೆಂಪಾಗಿ ಬಿಸಿಯೇರಿ ಊದಿಕೊಳ್ಳುವುದು, ಮುಟ್ಟಿದರೆ ಸಹಿಸಲಾಗದ ನೋವು, ಕೀವು, ಜ್ವರ ಇವು ಅಪಾಯದ ಸೂಚನೆಗಳು. ಮೇಲ್ಗಿವಿ ಊದಿದ್ದು ಹಾಲೆ ಮಾತ್ರ ಎಂದಿನಂತೆ ಇದ್ದರೆ ಸೋಂಕು ಮೃದ್ವಸ್ಥಿಯ ಪೊರೆಗೆ ತಗುಲಿರಬಹುದೆಂದು ವೈದ್ಯರು ಶಂಕಿಸುತ್ತಾರೆ. ಹಾಲೆಯಲ್ಲಿ ಮೃದ್ವಸ್ಥಿ ಇಲ್ಲದಿರುವುದೇ ಇದಕ್ಕೆ ಕಾರಣ.

ಇಂತಹ ಸಂದರ್ಭದಲ್ಲಿ ಔಷಧಿ ಅಂಗಡಿಯಲ್ಲಿ ಕೇಳಿ ಮಾತ್ರೆ ನುಂಗುವುದು ಸಲ್ಲದು. ಅಮಾಕ್ಸಿಸಿಲಿನ್‌ನಂತಹ ಸಾಮಾನ್ಯ ಪ್ರತಿಜೀವಕಕ್ಕೆ ಸ್ಯೂಡೊಮೊನಾಸ್ ಬಗ್ಗುವುದಿಲ್ಲ. ನಾಲ್ಕು ದಿನ ಮಾತ್ರೆ ನುಂಗಿ ಕಾಯುವಷ್ಟರಲ್ಲಿ ಕಿವಿಯ ಆಕಾರವೇ ಹೋಗಬಹುದು. ಒಡವೆಯನ್ನೂ ನಾವೇ ಕಿತ್ತು ತೆಗೆಯಬಾರದು. ತೂತು ಮುಚ್ಚಿಕೊಂಡು ಕೀವು ಒಳಗೇ ಉಳಿಯುವ ಸಂಭವವಿದೆ. ತೆಗೆಯಬೇಕೆ, ಕೀವನ್ನು ಹೊರಹಾಕಬೇಕೆ ಎಂಬುದನ್ನು ವೈದ್ಯರೇ ನಿರ್ಧರಿಸಲಿ. ಅಂದೇ ಜಿಲ್ಲಾ ಆಸ್ಪತ್ರೆಗೋ ಸಮೀಪದ ಕಿವಿ-ಮೂಗು-ಗಂಟಲು ತಜ್ಞರಲ್ಲಿಗೋ ಹೋಗಬೇಕು.

ತಂದೆತಾಯಿಗಳಲ್ಲಿ ಒಂದು ವಿನಂತಿ. ಮನೆಯಲ್ಲಿ ಬೈಯುವರೆಂಬ ಅಂಜಿಕೆಯಿಂದ ಮಕ್ಕಳು ಗುಟ್ಟಾಗಿ ಚುಚ್ಚಿಸಿಕೊಂಡು, ಊದಿದ ಕಿವಿಯನ್ನು ಕೂದಲಿನಲ್ಲಿ ಮರೆಮಾಡಿಕೊಂಡರೆ ಚಿಕಿತ್ಸೆಯ ಅಮೂಲ್ಯ ದಿನಗಳು ಕಳೆದುಹೋಗುತ್ತವೆ. ಬೇಡವೆನಿಸಿದರೆ ಕಾರಣ ತಿಳಿಸಿ ಬೇಡವೆನ್ನಿರಿ. ಒಪ್ಪಿದರೆ ಜೊತೆಗೆ ಹೋಗಿ ಚುಚ್ಚಿಸಿರಿ. ಚುಚ್ಚಿಸಿಕೊಂಡು ಬಂದಾಗಿದ್ದರೆ ಗದರುವ ಮೊದಲು ಕಿವಿಯನ್ನು ನೋಡಿರಿ.

ಆಭರಣವನ್ನು ಬೇಡವೆನಿಸಿದಾಗ ತೆಗೆದಿಡಬಹುದು, ಕಿವಿಯನ್ನು ಹಾಗೆ ಬದಲಿಸಲಾಗದು. ಗುರುವಚನವನ್ನು ಆಲಿಸುವ ಅಂಗವನ್ನು ಅರಿವಿನಿಂದ ಕಾಪಾಡಿಕೊಳ್ಳುವುದು ನಮ್ಮೆಲ್ಲರ ಕರ್ತವ್ಯ.