ಗಂಟು ಕಟ್ಟುವ ಮೊದಲು



2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಮೈಸೂರಿನ ಜನ ಕೈಕಟ್ಟಿ ಕೂರಲಿಲ್ಲ. ನಮ್ಮ ಮೊಹಲ್ಲಾದ ಮಸೀದಿಯಲ್ಲೂ ಅಕ್ಕಿ, ಬೇಳೆ, ಬಟ್ಟೆಗಳ ರಾಶಿ ಬಿತ್ತು. ಅದನ್ನು ವಿಂಗಡಿಸುವ ಕೆಲಸ ನನಗೂ ಮದ್ರಸಾದ ಮಕ್ಕಳಿಗೂ ಬಂತು. ಗಂಟುಗಳನ್ನು ಬಿಚ್ಚಿದಂತೆ ಗುಂಡಿಯಿಲ್ಲದ ಅಂಗಿ, ಒಂಟಿ ಚಪ್ಪಲಿ, ಅವಧಿ ಮೀರಿದ ಔಷಧಿಗಳು ಹೊರಬಂದವು. ಒಂದು ಗಂಟಿನಲ್ಲಿ ಇಲಿ ಕಡಿದ ಕಂಬಳಿಯಿತ್ತು. "ಹಜ್ರತ್, ಇದನ್ನು ಯಾರು ಹೊದೆಯುತ್ತಾರೆ?" ಎಂದು ಹುಡುಗನೊಬ್ಬ ಕೇಳಿದ. ನಾನು ಉತ್ತರಿಸಲಿಲ್ಲ. ಆ ಗಂಟು ನನ್ನ ಮನೆಯಿಂದಲೇ ಬಂದಿತ್ತು.

ಮದೀನಾದ ಅನ್ಸಾರರು ಕೊಯ್ಲಿನ ಕಾಲದಲ್ಲಿ ಖರ್ಜೂರದ ಗೊನೆಗಳನ್ನು ತಂದು ಮಸೀದಿಯಲ್ಲಿ ತೂಗುಹಾಕುತ್ತಿದ್ದರು. ಮನೆಮಠವಿಲ್ಲದ ಸುಫ್ಫಾದವರು ಹಸಿದಾಗ ಅದರಿಂದ ತಿನ್ನುತ್ತಿದ್ದರು. ಕೆಲವರು ಮಾತ್ರ ಕೆಟ್ಟ, ಮುರಿದ ಗೊನೆಗಳನ್ನು ತಂದು ಕಟ್ಟಿದರು. ಆಗ ಸೂರಃ ಅಲ್‌ಬಕರದ 267ನೆಯ ಸೂಕ್ತ ಅವತೀರ್ಣವಾಯಿತೆಂದು ಹಝ್ರತ್ ಬರಾ ಬಿನ್ ಆಝಿಬ್(ರ) ವರದಿ ಮಾಡಿರುವುದು ತಿರ್ಮಿದಿಯಲ್ಲಿದೆ. ನೀವೇ ಕಣ್ಣುಮುಚ್ಚಿಕೊಂಡಲ್ಲದೆ ಸ್ವೀಕರಿಸದಂತಹ ವಸ್ತುವನ್ನು ಆರಿಸಿ ದಾನ ಮಾಡಬಾರದೆಂಬುದು ಅದರ ಆಶಯ. ಅಲ್ಲಾಹನು ನಿರಪೇಕ್ಷನು, ನಮ್ಮ ಕಸವನ್ನು ಪುಣ್ಯವೆಂದು ಅವನಿಗೆ ಒಪ್ಪಿಸಲಾಗದು.

ಸಂತ್ರಸ್ತರು ದ್ವೀಪವಾಸಿಗಳಾದರೆ ಈ ಮಾತಿನ ತೂಕ ಇನ್ನೂ ಹೆಚ್ಚು. 2017ರ ಡಿಸೆಂಬರ್ ಆರಂಭದಲ್ಲಿ ಓಖಿ ಚಂಡಮಾರುತ ಲಕ್ಷದ್ವೀಪಕ್ಕೆ ಅಪ್ಪಳಿಸಿತು. ಮಿನಿಕಾಯ್, ಕಲ್ಪೇನಿ ಮೊದಲಾದೆಡೆ ತೆಂಗಿನ ಮರಗಳು ಉರುಳಿದವು, ಮನೆ ದೋಣಿಗಳು ಹಾನಿಗೊಂಡವು. ಈ ದ್ವೀಪಗಳು ನಮಗೆ ಪರಕೀಯವಲ್ಲ. ಅಮೀನಿ, ಕಡಮತ್, ಕಿಲ್ತಾನ್, ಚೆತ್ಲತ್‌ಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಮಂಗಳೂರಿನ ಹಳೆ ಬಂದರಿನಿಂದ ಮರಳು, ಜಲ್ಲಿ, ತರಕಾರಿಗಳು ಮಂಜಿಗಳಲ್ಲಿ ಅಲ್ಲಿಗೆ ಹೋಗುತ್ತವೆ. ಅಲ್ಲಿ ತೆಂಗುಂಟು, ಮೀನುಂಟು. ಆದರೆ ಅಕ್ಕಿ ಬೆಳೆಯುವುದಿಲ್ಲ. ಸಿಹಿನೀರು ನೆಲದಡಿ ಉಪ್ಪುನೀರಿನ ಮೇಲೆ ತೆಳುವಾದ ಪದರವಾಗಿ ನಿಂತಿರುತ್ತದೆ. ಕಡಲು ಒಳನುಗ್ಗಿದರೆ ಬಾವಿಯೇ ಉಪ್ಪಾಗುತ್ತದೆ.

ಈಗ ಯೋಚಿಸಿರಿ. ಮೈಸೂರಿನಿಂದ ಲಾರಿ ಘಟ್ಟವಿಳಿದು ಬಂದರು ತಲುಪಬೇಕು, ಅಲ್ಲಿಂದ ಕಡಲು ದಾಟಬೇಕು. ಹಡಗಿನಲ್ಲಿ ಜಾಗಕ್ಕೆ ಮಿತಿಯಿದೆ. ಒಂದು ಮೂಟೆ ಹರಕು ಬಟ್ಟೆ ಹತ್ತಿದರೆ ಒಂದು ಮೂಟೆ ಅಕ್ಕಿ ದಡದಲ್ಲೇ ಉಳಿಯುತ್ತದೆ. ಆ ಹರಕನ್ನು ಸುಟ್ಟುಹಾಕುವ ಹೊರೆಯೂ ಅಂಗೈಯಗಲದ ದ್ವೀಪದ ಮೇಲೆಯೇ ಬೀಳುತ್ತದೆ.

ಮುದರ್ ಗೋತ್ರದ ಬಡವರು ಮೈಮುಚ್ಚುವಷ್ಟೂ ಬಟ್ಟೆಯಿಲ್ಲದೆ ಮದೀನಾಕ್ಕೆ ಬಂದಾಗ ಪ್ರವಾದಿವರ್ಯರ(ಸ) ಮುಖ ಬಾಡಿತು. ಅವರು ಜನರನ್ನು ಸೇರಿಸಿ ದಾನಕ್ಕೆ ಕರೆಕೊಟ್ಟರು. ಅನ್ಸಾರಿಯೊಬ್ಬರು ಕೈಗೆ ಭಾರವಾಗುವಷ್ಟು ತುಂಬಿದ ಚೀಲ ತಂದರು. ಅವರನ್ನು ಕಂಡು ಉಳಿದವರೂ ತಂದರು. ಆಹಾರದ್ದೊಂದು, ಬಟ್ಟೆಯದ್ದೊಂದು ರಾಶಿಯಾಯಿತು. ಪ್ರವಾದಿವರ್ಯರ(ಸ) ಮುಖ ಆಗ ಚಿನ್ನದಂತೆ ಹೊಳೆಯಿತೆಂದು ಮುಸ್ಲಿಮ್ ಹದೀಸ್ ಗ್ರಂಥದಲ್ಲಿದೆ. ನಮ್ಮ ರಾಶಿಯನ್ನು ಕಂಡಿದ್ದರೆ ಆ ಮುಖ ಹೊಳೆಯುತ್ತಿತ್ತೇ?

ಆದ್ದರಿಂದ ಸಹೋದರ ಸಹೋದರಿಯರೇ, ಕಳಿಸುವ ಮೊದಲು ಅಲ್ಲಿಗೆ ಏನು ಬೇಕೆಂದು ವಿಚಾರಿಸಿರಿ. ಅಕ್ಕಿ, ಬೇಳೆ, ಕುಡಿಯುವ ನೀರು, ಟಾರ್ಪಾಲು, ಹೊಸ ಒಳಉಡುಪು, ಸ್ತ್ರೀಯರ ಅಗತ್ಯಗಳು ಮೊದಲು ನೆನಪಾಗಲಿ. ಮೂಟೆಯೊಳಗೆ ಪ್ಲಾಸ್ಟಿಕ್ ಹಾಸಿ, ಹೊರಗೆ ಏನಿದೆಯೆಂದು ಬರೆಯಿರಿ. ಸಾಮಾನು ತಲುಪದ ಕಡೆಗೆ ಹಣವೇ ಲೇಸು. ಝಕಾತ್‌ನ ಹಣವಾದರೆ ಆಲಿಮರನ್ನು ಕೇಳಿ ಕೊಡಿರಿ. ಸ್ವಯಂಪ್ರೇರಿತ ಸದಕಾವನ್ನಂತೂ ಜಾತಿ, ಧರ್ಮ ನೋಡದೆ ಕೊಡಬಹುದು. ಪಡೆದವರ ಮುಂದೆ ಅದನ್ನು ಎತ್ತಿ ಆಡಬೇಡಿರಿ; ಹಾಗೆ ಮಾಡಿದರೆ ದಾನವೇ ನಿಷ್ಫಲವೆಂದು ಅದೇ ಅಧ್ಯಾಯದ 264ನೆಯ ಸೂಕ್ತ ಎಚ್ಚರಿಸುತ್ತದೆ.

ಅಂದು ಸಂಜೆ ನಾನು ಆ ಕಂಬಳಿಯನ್ನು ಮನೆಗೆ ತಂದೆ. ನನ್ನವಳು ಅದನ್ನು ಕಂಡು ಏನೂ ಹೇಳದೆ ನಾವು ಹೊದೆಯುತ್ತಿದ್ದ ಕಂಬಳಿಯನ್ನು ಮಡಿಸಿ ಕೊಟ್ಟಳು. ಆ ರಾತ್ರಿ ಇಲಿ ಕಡಿದ ತೂತಿನಲ್ಲಿ ಚಳಿ ಬಂತು. ಅದು ನನಗೆ ಕಲಿಸಿದ ಪಾಠವನ್ನು ಯಾವ ಕಿತಾಬೂ ಅಷ್ಟು ಚೆನ್ನಾಗಿ ಕಲಿಸಿರಲಿಲ್ಲ.

ಪ್ರಿಯವಾದುದನ್ನು ಕೊಡುವ ಮನಸ್ಸನ್ನು ಅಲ್ಲಾಹನು ನಮಗೆಲ್ಲ ಕರುಣಿಸಲಿ. ಆಮೀನ್.